ಮಳೆ ನೋಡದ ಕೊಡೆಯೊಂದಿಗೆ ಮಾತುಕತೆ

ಹೊಸಕೋಟೆ ಸುತ್ತಮುತ್ತ ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ತಗಡಿನ ಗೋದಾಮುಗಳು ಬೆಳೆದಿವೆ. ಅಂಥದ್ದೊಂದರ ಹಿಂಬದಿಯಲ್ಲಿ, ವಾಪಸ್ ಬಂದ ಮಾಲನ್ನು ಸುರಿಯುವ ಮೂಲೆಯಲ್ಲಿ, ಈ ಸಂದರ್ಶನ ನಡೆಯಿತು. ಸಂದರ್ಶನ ಕೊಟ್ಟವರು ಕಪ್ಪು ಬಟ್ಟೆಯ, ಮರದ ಹಿಡಿಯ ಒಂದು ಉದ್ದ ಕೊಡೆ. ತೀರ್ಥಹಳ್ಳಿ ತಾಲ್ಲೂಕಿನ ಒಂಟಿಮನೆಯಲ್ಲಿರುವ ತಾಯಿಗೆಂದು ಬೆಂಗಳೂರಿನ ಮಗಳು ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ಆನ್‌ಲೈನಿನಲ್ಲಿ ದುಡ್ಡು ಕಟ್ಟಿದ್ದು ಇವರಿಗೇ. ನಾನು ಮಾತಾಡಿಸಲು ಹೋದಾಗ ಉತ್ತರೆ ಮಳೆ ನಡೆಯುತ್ತಿತ್ತು. ಕೊಡೆಯವರ ಮೈಮೇಲಿನ ಪ್ಲಾಸ್ಟಿಕ್ ಚೀಲ ಇನ್ನೂ ಬಿಚ್ಚಿರಲಿಲ್ಲ. ಕಂಪನಿಯ ಹೆಸರು ಬರೆಯಕೂಡದು ಎಂದು ಷರತ್ತು ಹಾಕಿದರು. ಕಾರಣ ಕೇಳಿದ್ದಕ್ಕೆ, “ಯಾವುದನ್ನು ಬರೆದರೂ ಓದಿದವರು ಹೌದೌದು ಅಂತಾರೆ. ಮತ್ತೆ ಒಬ್ಬರದ್ದೇ ಯಾಕೆ ಬರೀಬೇಕು?” ಎಂದರು.

ಪ್ರಶ್ನೆ: ಮೊದಲಿಗೆ ನಿಮ್ಮ ಪರಿಚಯ ಹೇಳಿ.

ಕೊಡೆ: ನಾನು ಕೊಡೆ. ಛತ್ರಿಗಳು ಮೇಲಿನ ಆಫೀಸಿನಲ್ಲಿ ಕೂತಿದ್ದಾರೆ, ಬೇಕಾದರೆ ಅವರನ್ನೂ ಮಾತಾಡಿಸಿ. ಆದರೆ ಕಾಯಬೇಕು. “ನೀವು ಸರದಿಯಲ್ಲಿದ್ದೀರಿ” ಅಂತ ಹಾಡು ಹಾಕುತ್ತಾರೆ.

ಪ್ರಶ್ನೆ: ಮಗಳು ನಿಮ್ಮನ್ನೇ ಆರಿಸಿದ್ದು ಯಾಕಂತೆ?

ಕೊಡೆ: ಆರಿಸಲಿಲ್ಲ, ಹೆದರಿದರು. ನನ್ನ ಫೋಟೋದ ಕೆಳಗೆ ಕೆಂಪಕ್ಷರದಲ್ಲಿ “ಕೇವಲ 2 ಉಳಿದಿವೆ” ಅಂತಿತ್ತು. ಆ ಹೊತ್ತಿಗೆ ರ‍್ಯಾಕಿನ ಮೇಲೆ ನಾನೂ ನನ್ನ ಅಕ್ಕತಂಗಿಯರೂ ಉಸಿರಾಡಲು ಜಾಗವಿಲ್ಲದ ಹಾಗೆ ಒರಗಿಕೊಂಡಿದ್ದೆವು. 2023ರ ನವೆಂಬರಿನಲ್ಲಿ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ 13 ನಮೂನೆಯ ಕಣ್ಕಟ್ಟನ್ನು ಪಟ್ಟಿ ಮಾಡಿ ಬೇಡ ಎಂದಿದೆ. ಸುಳ್ಳು ಅವಸರ ಹುಟ್ಟಿಸುವುದು ಆ ಪಟ್ಟಿಯಲ್ಲಿದೆ. ಪಟ್ಟಿಯನ್ನು ನಮ್ಮವರು ಗಮನವಿಟ್ಟು ಓದಿದ್ದಾರೆ ಅಂತ ಅದನ್ನು ಬಳಸುವ ಚಂದ ನೋಡಿದರೇ ತಿಳಿಯುತ್ತದೆ.

ಪ್ರಶ್ನೆ: ಹೊರಟ ಮೇಲೆ?

ಕೊಡೆ: ಮರುದಿನವೇ ಹೊರಟೆ. ಸುಳ್ಳು ಹೇಳಬಾರದು, ಹೊರಡಿಸುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. “ನಿಮ್ಮ ಕೊಡೆ ಪ್ಯಾಕ್ ಆಯಿತು”, “ಗಾಡಿ ಹತ್ತಿತು”, “ನೆಲಮಂಗಲ ದಾಟಿತು” ಅಂತ ಮಗಳ ಮೊಬೈಲಿಗೆ ಮೆಸೇಜಿನ ಸುರಿಮಳೆ. ಮಗಳ ಮದುವೆ ದಿಬ್ಬಣ ಹೊರಟಾಗಲೂ ಆ ಮನೆಯವರಿಗೆ ಇಷ್ಟೊಂದು ಸುದ್ದಿ ಮುಟ್ಟಿರಲಿಕ್ಕಿಲ್ಲ. ಆಮೇಲೆ ನಾನು ಚಿತ್ರದುರ್ಗಕ್ಕೆ ಹೋದೆ.

ಪ್ರಶ್ನೆ: ತೀರ್ಥಹಳ್ಳಿಗೆ ಹೋಗಬೇಕಾದವರು ಚಿತ್ರದುರ್ಗಕ್ಕೆ?

ಕೊಡೆ: ಪಿನ್‌ಕೋಡ್ ಸ್ವಾಮಿ. 1972ರ ಆಗಸ್ಟ್ 15ರಂದು ಅಂಚೆ ಇಲಾಖೆ ಆರಂಕಿಯ ಈ ವ್ಯವಸ್ಥೆ ತಂದಾಗ ಒಂದೊಂದು ಅಂಕಿಗೂ ಅರ್ಥ ಇಟ್ಟಿತ್ತು. 577 ಅಂದರೆ ಶಿವಮೊಗ್ಗವೂ ಹೌದು, ಚಿಕ್ಕಮಗಳೂರೂ ಹೌದು, ದಾವಣಗೆರೆ, ಚಿತ್ರದುರ್ಗವೂ ಹೌದು. ಊರು ಗೊತ್ತಾಗುವುದು ಕೊನೆಯ ಮೂರು ಅಂಕಿಯಲ್ಲಿ. ನನ್ನ ಲೇಬಲ್ ಅಲ್ಲೇ ಮಡಚಿಕೊಂಡಿತ್ತು. ಹೀಗಾಗಿ ಮಳೆಗಾಗಿ ಮೋಡ ನೋಡುತ್ತ ಕೂತಿದ್ದ ಊರಿಗೆ ಒಂದು ಕೊಡೆ ಬಂದು ಇಳಿಯಿತು. ಅಲ್ಲಿನ ಹಬ್‌ನಲ್ಲಿ ಜೋಳದ ಬೀಜದ ಚೀಲವೊಂದು ನನ್ನನ್ನು ನೋಡಿ, “ನಿನಗೇನು ಕೆಲಸ ಇಲ್ಲಿ?” ಎಂದು ಕೇಳಿತು. ಅದಕ್ಕೆ ಉತ್ತರ ಕೊಡುವುದು ನನ್ನ ಕೈಲಿರಲಿಲ್ಲ. ತಿರುಗಿ ಶಿವಮೊಗ್ಗಕ್ಕೆ ಬರುವಷ್ಟರಲ್ಲಿ ಆರಿದ್ರಾ ಹಿಡಿದಿತ್ತು. ಆರಿದ್ರಾ ಮಳೆ ಹಿಡಿದರೆ ಆರದು ಅಂತ ನಮ್ಮ ಕಡೆಯವರು... ಅಲ್ಲ, ನಾನು ಸೇರಬೇಕಿದ್ದ ಕಡೆಯವರು ಹೇಳುತ್ತಾರಲ್ಲ, ಹಾಗೇ ಸುರಿಯುತ್ತಿತ್ತು.

ಪ್ರಶ್ನೆ: ಆದರೆ ಕಂಪನಿಯ ದಾಖಲೆ ಬೇರೆ ಹೇಳುತ್ತದೆ. ತೀರ್ಥಹಳ್ಳಿಯಿಂದ ನಿಮ್ಮನ್ನು ಮೂರು ಸಲ ಮನೆಗೆ ಒಯ್ದಿದ್ದಾರೆ, ಮೂರು ಸಲವೂ “ಗ್ರಾಹಕರು ಮನೆಯಲ್ಲಿಲ್ಲ” ಎಂದಿದೆ.

ಕೊಡೆ: (ಸ್ವಲ್ಪ ಹೊತ್ತು ನಗು) ಸ್ವಾಮಿ, ನೀವೇ ಯೋಚನೆ ಮಾಡಿ. ಆಗುಂಬೆಯ ಮಗ್ಗುಲಿನ ಮಳೆ. ಆ ಅಮ್ಮನವರ ಹಳೇ ಕೊಡೆಯ ಕಡ್ಡಿ ಹೋದ ವರ್ಷವೇ ಮುರಿದಿದೆ. ಹೊಸ ಕೊಡೆ ಇನ್ನೂ ಬಂದಿಲ್ಲ. ಅಂಥ ಮಳೆಯಲ್ಲಿ ಕೊಡೆಯಿಲ್ಲದವರು ಮನೆ ಬಿಟ್ಟು ಎಲ್ಲಿಗೆ ಹೋಗುತ್ತಾರೆ? ಇಡೀ ಕರ್ನಾಟಕದಲ್ಲಿ ಖಂಡಿತವಾಗಿ ಮನೆಯಲ್ಲೇ ಇದ್ದವರು ಅಂತ ಒಬ್ಬರಿದ್ದರೆ ಅದು ಆ ಅಮ್ಮ. ಅವರು ಮನೆ ಬಿಡಬೇಕಾದರೆ ಮೊದಲು ನಾನು ಮನೆ ಸೇರಬೇಕಿತ್ತು.

ಪ್ರಶ್ನೆ: ಹಾಗಾದರೆ ಅದನ್ನು ಬರೆದವರು ಯಾರು?

ಕೊಡೆ: ಬರೆಯುವುದಿಲ್ಲ, ಒತ್ತುತ್ತಾರೆ. ಡೆಲಿವರಿ ಹುಡುಗನ ಮೊಬೈಲಿನಲ್ಲಿ ಒಂದು ಪಟ್ಟಿ ಇರುತ್ತದೆ. ಗ್ರಾಹಕರು ಇಲ್ಲ, ವಿಳಾಸ ಸರಿಯಿಲ್ಲ, ಫೋನ್ ಎತ್ತಲಿಲ್ಲ, ಬೇಡ ಅಂದರು, ಇನ್ನೊಂದು ದಿನ ತನ್ನಿ ಅಂದರು. ಎಲ್ಲ ತಪ್ಪೂ ಗ್ರಾಹಕರದ್ದೇ ಇರುವ ಹಾಗೆ ಆ ಪಟ್ಟಿ ಮಾಡಿದ್ದಾರೆ. “ದಾರಿಯಲ್ಲಿ ಮೊಳಕಾಲುದ್ದ ಕೆಸರು”, “ಸಂಕ ಕೊಚ್ಚಿಹೋಗಿದೆ”, “ಪೆಟ್ರೋಲಿಗೆ ಕೊಡುವುದು ಈ ಪಾರ್ಸೆಲ್‌ನಿಂದ ಹುಟ್ಟುವುದಿಲ್ಲ” ಎನ್ನುವ ಕಾರಣಗಳು ಅದರಲ್ಲಿಲ್ಲ. ಇಲ್ಲದ್ದನ್ನು ಹುಡುಗ ಎಲ್ಲಿ ಒತ್ತಿಯಾನು?

ಪ್ರಶ್ನೆ: ನೀವು ಅವನ ಪರ ಮಾತಾಡುತ್ತಿದ್ದೀರಿ.

ಕೊಡೆ: ಅವನ ಬೈಕಿಗೆ ಕಟ್ಟಿದ ಚೀಲದಲ್ಲಿ ಕೂತವನು ನಾನು. ಬೈಕು ಅವನದ್ದು, ಪೆಟ್ರೋಲು ಅವನದ್ದು, ನೆನೆಯುವ ಮೈ ಅವನದ್ದು. ಪಾರ್ಸೆಲ್ ಮುಟ್ಟಿದರೆ ಇಷ್ಟು ಅಂತ ಕಾಸು. ಮುಟ್ಟದಿದ್ದರೆ ಏನೂ ಇಲ್ಲ. ಟಾರು ರಸ್ತೆ ಮುಗಿದ ಮೇಲೆ ಮಲೆನಾಡಿನ ಮನೆ ಎಲ್ಲಿರುತ್ತದೆ ನಿಮಗೆ ಗೊತ್ತಲ್ಲ. ತೋಟ ಇಳಿಯಬೇಕು, ಹಳ್ಳ ದಾಟಬೇಕು, ನಾಯಿ ಬೊಗಳಿದ ಕಡೆ ನಡೆಯಬೇಕು. ಅಷ್ಟು ಮಾಡಿ ಹೋದರೂ ಓಟಿಪಿ ಬೇಕು. ಆ ಮನೆಯಲ್ಲಿ ಸಿಗ್ನಲ್ ಇಲ್ಲ. ಸಿಗ್ನಲ್ ಬೇಕೆಂದರೆ ಅಮ್ಮ ಹಿಂದಿನ ಗುಡ್ಡ ಹತ್ತಬೇಕು, ಗುಡ್ಡ ಹತ್ತಲು ಕೊಡೆ ಬೇಕು, ಕೊಡೆ ಸಿಗಲು ಓಟಿಪಿ ಬೇಕು. ಒಂದು ದಿನ ಅವನು ಅಡ್ಡರಸ್ತೆಯ ಬಸ್‌ ಸ್ಟ್ಯಾಂಡಿನಲ್ಲಿ ತೊಪ್ಪೆಯಾಗಿ ನಿಂತು ನನ್ನನ್ನೇ ನೋಡಿದ. ನನಗೆ ಗೊತ್ತಾಯಿತು ಅವನ ಮನಸ್ಸಿನಲ್ಲಿದ್ದದ್ದು. ನನ್ನನ್ನು ಬಿಚ್ಚಿ ತಲೆಗೆ ಹಿಡಿದಿದ್ದರೆ ಅದು ಕಳ್ಳತನ ಆಗುತ್ತಿತ್ತು. ಬಿಚ್ಚದೆ ಬಟನ್ ಒತ್ತಿದ, ಅದು ವರದಿ ಆಯಿತು. (ಇಂಥ ಹುಡುಗರ ಕ್ಷೇಮನಿಧಿಗೆಂದು ಕಂಪನಿಗಳಿಂದ ಶುಲ್ಕ ಪಡೆಯುವ ಕಾನೂನನ್ನು ರಾಜ್ಯ ಸರ್ಕಾರ 2025ರಲ್ಲಿ ತಂದಿದೆ. ಕೆಸರಿಗೆ ಇನ್ನೂ ಯಾರೂ ಕಾನೂನು ತಂದಿಲ್ಲ.)

ಪ್ರಶ್ನೆ: “ಇವತ್ತು ಆಗಲಿಲ್ಲ” ಎಂದು ನೇರವಾಗಿ ಹೇಳಲು ಏನು ಕಷ್ಟ?

ಕೊಡೆ: ಅಲ್ಲೇ ಇರುವುದು ಮರ್ಮ. ರಾತ್ರಿ ಹಬ್ ಮುಚ್ಚುವಾಗ ಪ್ರತಿ ಪಾರ್ಸೆಲ್ಲಿನ ಮುಂದೆ ಏನಾದರೊಂದು ನಮೂದಾಗಿರಬೇಕು. ಸುಮ್ಮನೆ ಉಳಿದರೆ ಹಬ್‌ನವನ ಪರದೆ ಕೆಂಪಾಗುತ್ತದೆ. “ಗ್ರಾಹಕರಿಲ್ಲ” ಎಂದರೆ ಹಸಿರು. ಅವನ ಹಸಿರು ಶಿವಮೊಗ್ಗದವನಿಗೆ ಹೋಗುತ್ತದೆ, ಶಿವಮೊಗ್ಗದವನದ್ದು ಬೆಂಗಳೂರಿಗೆ. ತೀರ್ಥಹಳ್ಳಿಯಲ್ಲಿ ನೆನೆದ ಹುಡುಗನೊಬ್ಬ ಒತ್ತಿದ ಸುಳ್ಳು ಮೇಲೆ ಮೇಲೆ ಹೋದ ಹಾಗೆ ಒಣಗಿ, ಇಸ್ತ್ರಿಯಾಗಿ, ಕೊನೆಗೆ ಎ.ಸಿ. ಕೋಣೆಯಲ್ಲಿ ಸಾಧನೆ ಅಂತ ತೋರಿಸುವ ಗ್ರಾಫ್ ಆಗುತ್ತದೆ. ಆ ಕೋಣೆಯಲ್ಲಿ ಯಾರೂ ಕೆಟ್ಟವರಲ್ಲ ಸ್ವಾಮಿ. ಅವರಲ್ಲಿ ಒಬ್ಬರಿಗೂ ಆ ಅಮ್ಮ ಎದುರಾಗುವುದಿಲ್ಲ, ಅಷ್ಟೆ.

ಪ್ರಶ್ನೆ: ಹಳೆಯ ಅಂಚೆಯಣ್ಣನ ಕಾಲವೇ ಚೆನ್ನಾಗಿತ್ತು ಎನ್ನುತ್ತೀರಾ?

ಕೊಡೆ: ಅಂಚೆಯಲ್ಲೂ ಕಳೆದುಹೋದದ್ದುಂಟು, ಮದುವೆ ಮುಗಿದ ಮೇಲೆ ಕರೆಯೋಲೆ ಮುಟ್ಟಿದ್ದುಂಟು. ಅದನ್ನೆಲ್ಲ ಬಂಗಾರ ಮಾಡಬೇಡಿ. ಆದರೆ ವಿ.ಪಿ.ಪಿ. ಅಂತ ಒಂದಿತ್ತು ನೋಡಿ, ಹತ್ತೊಂಬತ್ತನೇ ಶತಮಾನದ್ದು. ಅಂಚೆಯವನು ಬಾಗಿಲಿಗೆ ಬಂದ ಮೇಲೇ ಕಾಸು. ಪುಸ್ತಕ, ಔಷಧಿ, ಕೈಗಡಿಯಾರ ಎಲ್ಲ ಹಾಗೇ ಬರುತ್ತಿತ್ತು. ಈಗಿನ ಕ್ಯಾಶ್ ಆನ್ ಡೆಲಿವರಿ ಅದರ ಮೊಮ್ಮಗ. ಈ ಮಗಳು ಮೊದಲೇ ದುಡ್ಡು ಕಟ್ಟಿದರೆ ಸ್ವಲ್ಪ ರಿಯಾಯಿತಿ ಅಂದದ್ದಕ್ಕೆ ಕಟ್ಟಿಬಿಟ್ಟರು. ದುಡ್ಡು ಕೈಸೇರಿದ ಮೇಲೆ ಕೊಡೆಗೆ ಯಾವ ಅವಸರ? ಇನ್ನೊಂದು ಮಾತು. ಅಂಚೆಯವನು “ಮನೆಯಲ್ಲಿಲ್ಲ” ಅಂತ ಬರೆದರೆ ಮರುದಿನ ಸೊಸೈಟಿ ಮುಂದೆ ಅದೇ ಅಮ್ಮ ಸಿಗುತ್ತಿದ್ದರು. “ಏನೋ, ನಾನು ಎಲ್ಲಿಗೆ ಹೋಗಿದ್ದೆನಂತೆ?” ಅಂತ ಕೇಳುತ್ತಿದ್ದರು.

ಪ್ರಶ್ನೆ: ಮಗಳು ದೂರು ಕೊಡಲಿಲ್ಲವೇ?

ಕೊಡೆ: ಕೊಡದೆ ಇರುತ್ತಾರೆಯೇ? ಮೊದಲು ಚಾಟ್‌ನಲ್ಲಿ ಯಂತ್ರ ಸಿಕ್ಕಿತು. “ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ” ಅಂತು. ಅಷ್ಟು ಆ ಮನೆಯಲ್ಲಿ ಯಾವ ಅಳಿಯನಿಗೂ ಅರ್ಥವಾಗಿರಲಿಕ್ಕಿಲ್ಲ. ಆಮೇಲೆ ಫೋನಿನಲ್ಲಿ ಮನುಷ್ಯರು ಸಿಕ್ಕರು. ಕಂಪನಿಯವರು, “ನಾವು ಬರೀ ಸಂತೆಮಾಳ, ಮಾರುವವರು ಬೇರೆ” ಎಂದರು. ಮಾರುವವರು, “ನಾವು ಕೊಟ್ಟಾಗಿದೆ, ಕೊರಿಯರ್‌ನವರನ್ನು ಕೇಳಿ” ಎಂದರು. ಕೊರಿಯರ್‌ನವರು, “ನಿಮ್ಮ ತಾಯಿ ಮನೆಯಲ್ಲಿರಲಿಲ್ಲ” ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ. ಇಲ್ಲಿ ದೇವರು, ಪೂಜಾರಿ, ಗುಡಿ ಮೂರೂ ಬೇರೆ ಬೇರೆ ಕಂಪನಿ.

ಪ್ರಶ್ನೆ: ಕಾನೂನು ಇದೆಯಲ್ಲ? 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿ ಇರಬೇಕು, 48 ಗಂಟೆಯೊಳಗೆ ದೂರು ತಲುಪಿದೆ ಎಂದು ತಿಳಿಸಬೇಕು, ತಿಂಗಳೊಳಗೆ ಪರಿಹರಿಸಬೇಕು.

ಕೊಡೆ: ನಲವತ್ತೆಂಟು ಗಂಟೆ ಯಾಕೆ? ಎರಡು ಸೆಕೆಂಡಿನಲ್ಲಿ ಬಂತು, “ನಿಮ್ಮ ದೂರು ತಲುಪಿದೆ” ಅಂತ. ನೋಡಿ, ದೂರು ಹೇಗೆ ಥಟ್ಟನೆ ತಲುಪುತ್ತದೆ! ಕಂಪನಿಗೆ ಹೋಗುವ ಯಾವುದೂ ದಾರಿಯಲ್ಲಿ ನಿಲ್ಲುವುದಿಲ್ಲ. ತಿಂಗಳೊಳಗೆ ಪರಿಹಾರವೂ ಆಯಿತು. ಪರಿಹಾರ ಅಂದರೆ ದೂರನ್ನು ಮುಚ್ಚುವುದು. “ಗ್ರಾಹಕರು ಮನೆಯಲ್ಲಿರಲಿಲ್ಲವಾದ್ದರಿಂದ ಮುಚ್ಚಲಾಗಿದೆ.”

ಪ್ರಶ್ನೆ: 1915ಕ್ಕೆ ಫೋನ್ ಮಾಡಬಹುದಿತ್ತು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದಿತ್ತು.

ಕೊಡೆ: (ದನಿ ತಗ್ಗಿಸಿ) ಮೆಲ್ಲಗೆ ಹೇಳಿ, ಈ ಗೋದಾಮಿನಲ್ಲಿ ಅದೊಂದು ಮಾತಿಗೆ ಮಾತ್ರ ನಡುಕ ಇದೆ. 1915 ರಾಷ್ಟ್ರೀಯ ಸಹಾಯವಾಣಿ, ಅಲ್ಲಿಂದ ಕರೆ ಬಂದರೆ ಮೇಲಿನವರು ಒಮ್ಮೆ ನೆಟ್ಟಗೆ ಕೂರುತ್ತಾರೆ. ಆಯೋಗ ಅಂದರೆ ಇನ್ನೂ ಕಷ್ಟ. 2019ರ ಕಾಯ್ದೆಯ ಪ್ರಕಾರ ಗ್ರಾಹಕರು ತಾವು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಕಂಪನಿ ಎಲ್ಲಿದ್ದರೂ ಸರಿ. ಐದು ಲಕ್ಷದೊಳಗಿನ ಮಾಲಿಗೆ ಶುಲ್ಕವಿಲ್ಲ, ವಕೀಲರು ಬೇಕೇ ಬೇಕೆಂದಿಲ್ಲ, ಎರಡು ವರ್ಷ ಕಾಲಾವಕಾಶ. ಆನ್‌ಲೈನಿನಲ್ಲೂ ಹಾಕಬಹುದು, ಅದಕ್ಕೆ ಮತ್ತೆ ಆ ಗುಡ್ಡ ಹತ್ತಬೇಕು. ಬಸ್ಸಿನಲ್ಲಿ ಹೋಗೋಣವೆಂದರೆ ಶಿವಮೊಗ್ಗ ಅರವತ್ತು ಕಿಲೋಮೀಟರು. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ, ಆದರೆ ಆ ಕಡೆ ಹೆಚ್ಚು ಓಡುವುದು ಖಾಸಗಿ ಬಸ್ಸೇ. ಕಂಪನಿಯವರಿಗೆ ಈ ಲೆಕ್ಕವೆಲ್ಲ ಬಾಯಿಪಾಠ. ಒಂದು ಕೊಡೆಗೆ ಕೋರ್ಟು ಹತ್ತುವವರು ಯಾರು ಎನ್ನುವ ಧೈರ್ಯದ ಮೇಲೆಯೇ ಈ ತಗಡು ನಿಂತಿದೆ. ಒಮ್ಮೊಮ್ಮೆ ಯಾರೋ ನಿವೃತ್ತ ಮೇಷ್ಟರು ಹತ್ತಿಬಿಡುತ್ತಾರೆ. ಆ ದಿನ ಇಲ್ಲಿ ಕಾಫಿ ಯಾರಿಗೂ ರುಚಿಸುವುದಿಲ್ಲ.

ಪ್ರಶ್ನೆ: ಗ್ರಾಹಕರೂ ಸಾಚಾ ಅಲ್ಲವೆಂದು ಕಂಪನಿಗಳು ಹೇಳುತ್ತವೆ.

ಕೊಡೆ: ನಿಜ. ನನ್ನ ಎಡಕ್ಕಿರುವ ರೇಷ್ಮೆ ಸೀರೆಯನ್ನು ನೋಡಿ. “ಬಣ್ಣ ಹಿಡಿಸಲಿಲ್ಲ” ಎಂದು ವಾಪಸ್ ಬಂದಿದೆ. ಸೆರಗಿನಲ್ಲಿ ಅರಿಶಿನ, ಮಡಿಕೆಯಲ್ಲಿ ಎರಡು ಅಕ್ಷತೆ ಕಾಳು, ಜೊತೆಗೆ ಹೋಳಿಗೆ ತುಪ್ಪದ ವಾಸನೆ. ಮದುವೆ ಚೆನ್ನಾಗಿ ಆಯಿತಂತೆ. ಅವರ ದುಡ್ಡು ಎರಡೇ ದಿನದಲ್ಲಿ ವಾಪಸ್ ಹೋಯಿತು.

ಪ್ರಶ್ನೆ: ನಿಮ್ಮ ದುಡ್ಡು?

ಕೊಡೆ: ಅದೂ ಹೋಗಿದೆ, ಕಂಪನಿಯದ್ದೇ ವ್ಯಾಲೆಟ್ಟಿಗೆ. ಅದರಿಂದ ಇಲ್ಲೇ ಏನಾದರೂ ಕೊಳ್ಳಬೇಕು. ಕೊಡೆ ಕೊಳ್ಳೋಣವೆಂದರೆ ಮಳೆಗಾಲದಲ್ಲಿ ರೇಟು ಏರಿತ್ತು.

ಪ್ರಶ್ನೆ: ಅಷ್ಟು ಮಳೆಯನ್ನು ಆ ಅಮ್ಮ ಹೇಗೆ ಕಳೆದರು?

ಕೊಡೆ: ಅಟ್ಟದಿಂದ ಗೊರಬು ಇಳಿಸಿದರಂತೆ. ಬಿದಿರು, ಎಲೆ ಹೆಣೆದು ಮಾಡಿದ್ದು, ಅತ್ತೆಯ ಕಾಲದ್ದು. ಅದನ್ನು ತಲೆಗೆ ಹಾಕಿಕೊಂಡೇ ತೋಟಕ್ಕೂ ಕೊಟ್ಟಿಗೆಗೂ ಹೋಗಿಬಂದರು. ಮಘೆ ಮಳೆ ಮುಗಿಯುವ ಹೊತ್ತಿಗೆ ಅವರ ಮೊಬೈಲಿಗೆ ಕಂಪನಿಯಿಂದ, “ನಿಮ್ಮ ಹೊಸ ಕೊಡೆ ಹೇಗಿದೆ? ಎಷ್ಟು ನಕ್ಷತ್ರ ಕೊಡುತ್ತೀರಿ?” ಅಂತ ಕನ್ನಡದಲ್ಲೇ ಮೆಸೇಜು ಬಂತು. ಗುಡ್ಡದ ಮೇಲೆ ನಿಂತು ಅಮ್ಮ ಬೆರಳು ಮಡಚಿದರು. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ. ಐದು ಅಂತ ಒತ್ತಿದರು. ಈಗ ನನ್ನ ಫೋಟೋದ ಕೆಳಗೆ ಐದು ನಕ್ಷತ್ರ ಹೊಳೆಯುತ್ತಿವೆ, ನೋಡಿದಿರಾ?

ಪ್ರಶ್ನೆ: ಕೊನೆಯದಾಗಿ, ನಿಮ್ಮ ಮುಂದಿನ...

(ಅಷ್ಟರಲ್ಲಿ ಹುಡುಗಿಯೊಬ್ಬಳು ಸ್ಕ್ಯಾನರ್ ಹಿಡಿದು ಬಂದು ಹಳೇ ಲೇಬಲ್ಲನ್ನು ಚರ್ರನೆ ಕಿತ್ತಳು. ಕೀಂಕ್ ಎಂದು ಸದ್ದಾಯಿತು.)

ಕೊಡೆ: ಆಯಿತು ಸ್ವಾಮಿ, ಈಗ ನಾನು ಹೊಸ ಮಾಲು. ದಸರಾ ಸೇಲ್ ಶುರುವಾಗುತ್ತಿದೆ. ಬಳ್ಳಾರಿಯಿಂದ ಯಾರೋ ಬಿಸಿಲಿಗೆ ಬೇಕು ಅಂತ ಬುಕ್ ಮಾಡಿದ್ದಾರೆ. ಮನೆ ಬಸ್‌ ಸ್ಟ್ಯಾಂಡಿನ ಎದುರಿಗೇ ಇದೆಯಂತೆ, ನಾಳೆ ಹನ್ನೊಂದಕ್ಕೆ ಮುಟ್ಟುತ್ತೇನೆ. ಸ್ವಲ್ಪ ಆಚೆ ಸರಿಯಿರಿ, ಫೋಟೋ ತೆಗೀತಾರೆ. ಕೆಳಗೆ “ಕೇವಲ 1 ಉಳಿದಿದೆ” ಅಂತ ಹಾಕಬೇಕು.