ಹಲ್ಲಿನಲ್ಲಿ ವೈರ್ ಸುಲಿಯುವ ಯಜಮಾನರು

ಬಾರಾಮತಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಮೆಂಟೆನೆನ್ಸ್ ಕೆಲಸಕ್ಕಿರುವ, ವಿಜಯಪುರ ಕಡೆಯ ಯಜಮಾನರೊಬ್ಬರನ್ನು ಊಹಿಸಿಕೊಳ್ಳಿ. ಕಷ್ಟವೇನಿಲ್ಲ, ಓಣಿಗೊಬ್ಬರು ಇಂಥವರು ಇದ್ದೇ ಇರುತ್ತಾರೆ. ವೈರಿನ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿಯುತ್ತಾರೆ, ಮನೆಗೆ ಎಲೆಕ್ಟ್ರಿಷಿಯನ್ ಬಂದರೆ ಅದು ತಮಗಾದ ಅವಮಾನ ಎಂದುಕೊಳ್ಳುತ್ತಾರೆ. ಇವರು ಪುಣೆಯ ಜುನಾ ಬಜಾರಿನಿಂದ ನಾಣ್ಯ ಹಾಕಿ ಆಡುವ ಹಳೇ ವಿಡಿಯೊ ಗೇಮ್ ಪೆಟ್ಟಿಗೆಯೊಂದನ್ನು ತಂದು, ಪೇಂಟ್ ಬಳಿದು, ಪವರ್ ಸಪ್ಲೈ ಜೋಡಿಸಲು ಕೂತರೆನ್ನಿ. ಆಗ ಆಗುವ ಎಡವಟ್ಟಿಗೆಲ್ಲ ಇವರ ಅಜ್ಞಾನವೇ ಕಾರಣವೆಂದು ಮನೆಯವರು ತಿಳಿಯುತ್ತಾರೆ. ನನ್ನ ಮಟ್ಟಿಗೆ ಕಾರಣ ಇವರ ಅನುಭವ.

ಕಾರ್ಖಾನೆಯಲ್ಲಿ ಇವರು ಪಳಗಿದ್ದು 415 ವೋಲ್ಟಿನ ಮೋಟಾರುಗಳ ಜೊತೆ. ಅಲ್ಲಿ ದಾರಿಯಲ್ಲಿ ಅರ್ಧ ವೋಲ್ಟ್ ಸೋರಿದರೆ ಕೇಳುವವರಿಲ್ಲ. ಗೇಮಿನ ಬೋರ್ಡು ಉಣ್ಣುವುದು 5 ವೋಲ್ಟ್. ಹಳೇ ಚಿಪ್ಪುಗಳಿಗೆ 4.75ಕ್ಕಿಂತ ಕಡಿಮೆಯಾದರೆ ಭರವಸೆಯಿಲ್ಲ. ವೋಲ್ಟ್ ಚಿಕ್ಕದಾದರೂ ಎಳೆಯುವ ಆಂಪಿಯರ್ ದೊಡ್ಡದು, ಆದ್ದರಿಂದಲೇ 1985ರಲ್ಲಿ ಬಂದ ಜಪಾನಿನ ಜಾಮಾ ಎಂಬ ಪದ್ಧತಿಯ, ಗೇಮ್ ಬೋರ್ಡು ಜೋಡಿಸುವ ಕನೆಕ್ಟರಿನಲ್ಲಿ 5 ವೋಲ್ಟಿಗೆಂದೇ ನಾಲ್ಕು ಪಿನ್ನು, ಗ್ರೌಂಡಿಗೆ ಎಂಟು. ಯಜಮಾನರು ತಲಾ ಒಂದಕ್ಕೆ ಮಾತ್ರ, ಅದೂ ಡೋರ್‌ಬೆಲ್ಲಿನ ತೆಳು ವೈರನ್ನು ಹೊಸೆದು, ಟೇಪು ಸುತ್ತುತ್ತಾರೆ. ಆಟ ಮಧ್ಯದಲ್ಲೇ ನಿಂತು ಮತ್ತೆ ಮೊದಲಿಂದ ಶುರುವಾಗುತ್ತದೆ. ಮೀಟರನ್ನು ಸಪ್ಲೈಯ ಬಾಯಿಗೇ ಹಿಡಿದು "ನೋಡ್ರಿ, ಬರೋಬ್ಬರಿ ಐದ್ ಐತಿ" ಎಂದು ಸಾಬೀತು ಮಾಡುತ್ತಾರೆ. ಐದಿರಬೇಕಾದ್ದು ಬೋರ್ಡಿನ ಹತ್ತಿರ ಎಂದರೆ, ನೀರು ಟಾಕಿಯಲ್ಲಿದ್ದ ಮೇಲೆ ನಲ್ಲಿಯಲ್ಲೂ ಇರಲೇಬೇಕು ಎನ್ನುವ ಧಾಟಿಯಲ್ಲಿ ನಗುತ್ತಾರೆ.

ಇಷ್ಟು ವರ್ಷ ಮನೆಯ ಮಿಕ್ಸಿ, ಫ್ಯಾನು ರಿಪೇರಿ ಮಾಡಿದವರಲ್ಲವೇ, ಅಷ್ಟೂ ಸುಳ್ಳೇ ಎಂದು ಯಾರಾದರೂ ಅವರ ಪರ ವಹಿಸಬಹುದು. ಸುಳ್ಳಲ್ಲ, ಆ ಗೆಲುವುಗಳೇ ಅರ್ಥಿಂಗಿನ ಹಸಿರು ವೈರನ್ನು ಕತ್ತರಿಸಿ ಮೂಲೆಗೆ ಮಡಚಲು ಇವರಿಗೆ ಧೈರ್ಯ ಕೊಟ್ಟಿದ್ದು. "ನಮ್ಮೂರಾಗ ಎರಡ ವೈರ್ ಮ್ಯಾಲ ಸಂಸಾರ ನಡದೈತಿ, ಯಾರ್ ಸತ್ತಾರ?" ಎಂಬುದು ಇವರ ದೊಡ್ಡ ಪುರಾವೆ. ಸತ್ತವರು ವಾದಕ್ಕೆ ಬರುವುದಿಲ್ಲವಾದ್ದರಿಂದ ಈ ಪುರಾವೆ ಎಂದೂ ಸೋಲುವುದಿಲ್ಲ. ಆದರೆ ಹಲವು ಸಪ್ಲೈಗಳೊಳಗಿನ ಫಿಲ್ಟರ್ ಕೆಪಾಸಿಟರುಗಳು ಅರ್ಥಿಂಗ್ ಇಲ್ಲದಾಗ ಲೋಹದ ಡಬ್ಬಿಗೇ ಚೂರು ಕರೆಂಟ್ ಬಿಡುತ್ತವೆ. ಡಬ್ಬಿಗೆ ತಾಗಿದ ನಾಣ್ಯದ ಬಾಗಿಲಿಗೂ ಅದು ಹಬ್ಬುತ್ತದೆ. ಮಗ "ಅಪ್ಪಾ, ಮುಟ್ಟಿದ್ರ ಜುಮ್ ಅಂತೈತಿ" ಎಂದರೆ ಥಂಡಿಗೆ ಹಾಗಾಗುತ್ತದೆಂಬ ಉತ್ತರ. ಹೆಂಡತಿ ಟೆಸ್ಟರ್ ತಂದು ಬಾಗಿಲಿಗೆ ಹಿಡಿದರೆ ಅದರ ದೀಪವೂ ಮಂಕಾಗಿ ಉರಿಯುತ್ತದೆ. ಯಜಮಾನರು ಕ್ಷಣ ಯೋಚಿಸಿ, ಟೆಸ್ಟರ್ ಕೆಟ್ಟಿದೆಯೆಂದು ಹೊಸದು ತರಲು ಪೇಟೆಗೆ ಹೊರಡುತ್ತಾರೆ.