ಜರಡಿ ತಪ್ಪಿಸಿಕೊಂಡ ಬಸವಣ್ಣ

ಹತ್ತಿರದ ಮಣ್ಣುಗಳು ಒಂದನ್ನೊಂದು ಹೋಲುತ್ತವೆ, ದೂರ ಹೋದಷ್ಟೂ ಹೋಲಿಕೆ ಕಡಿಮೆ. ದಕ್ಷಿಣ ಆಫ್ರಿಕಾದ ಗಣಿ ಎಂಜಿನಿಯರ್ ಡ್ಯಾನಿ ಕ್ರೀಗ್ 1951ರಲ್ಲಿ ಚಿನ್ನದ ಅದಿರಿನ ಅಂದಾಜಿಗೆ ಹೂಡಿದ ಲೆಕ್ಕ ಇದು. ಮುಂದೆ ಫ್ರಾನ್ಸಿನ ಮಾಥೆರಾನ್ ಅದನ್ನು ಸೂತ್ರಕ್ಕಿಳಿಸಿದ. ಕ್ರೀಗನ ಗೌರವಕ್ಕೆ ‘ಕ್ರಿಗಿಂಗ್’ ಎಂಬ ಹೆಸರು ಬಂತು. ಅಗೆಯದ ಜಾಗದಲ್ಲಿ ಏನಿದೆಯೆಂದು ಕಂಪ್ಯೂಟರೇ ಹೇಳುತ್ತದೆ. ಮೈಗಳ್ಳನಾದ ನನಗೆ ಇದಕ್ಕಿಂತ ಒಪ್ಪುವ ವಿಜ್ಞಾನ ಬೇರೆ ಕಾಣಲಿಲ್ಲ.

ಆದರೂ ಮಣ್ಣಿನ ನಕ್ಷೆ ಮಾಡಲು ಒಂದಿಷ್ಟು ಅಗೆಯಲೇಬೇಕಲ್ಲ. ಬಿತ್ತನೆಗೆ ಮುಂಚೆ, ‘ವಿ’ ಆಕಾರದ ಗುಂಡಿ, 15 ಸೆಂಟಿಮೀಟರ್ ಆಳ, ಹೊಲದ ನಾಲ್ಕಾರು ಕಡೆಯ ಮಣ್ಣು ಬೆರೆಸಿ ಅರ್ಧ ಕಿಲೋ. ಹೊಳಲ್ಕೆರೆಯ ಅಡಿಕೆ ತೋಟದಲ್ಲಿ ಮಜ್ಜಿಗೆ ಸಿಕ್ಕಿತು. ಹೊಸದುರ್ಗದ ಗರಸಿನಲ್ಲಿ ಗುದ್ದಲಿ ಕಾವು ಮುರಿಯಿತು. ಚಿತ್ರದುರ್ಗದ ಸುತ್ತಮುತ್ತ, ಪಾಳೇಗಾರರು ಏಳು ಸುತ್ತಿನ ಕೋಟೆಗೆ ಬಳಸಿ ಉಳಿದ ಬಂಡೆಯನ್ನೆಲ್ಲ ನನಗೇ ಮೀಸಲಿಟ್ಟಂತಿತ್ತು. ಮಳೆ ಬಿದ್ದಿದ್ದರಿಂದ ಹಿರಿಯೂರಿನ ಎರೆ ಮಾತ್ರ ಸಲೀಸಾಗಿ ಬಂತು.

ಮಾದರಿಗಳನ್ನು ನೆರಳಲ್ಲೇ ಒಣಗಿಸಬೇಕು. ಜಗುಲಿಯ ಮೇಲೆ ಹಳೇ ಪೇಪರು ಹಾಸಿ ಹರವಿ, ನಾನು ಲ್ಯಾಪ್‌ಟಾಪಿನ ಮುಂದೆ ಕೂತೆ. ಅವತ್ತು ಮಣ್ಣೆತ್ತಿನ ಅಮಾವಾಸ್ಯೆ ಎಂಬುದು ನನ್ನ ತಲೆಗೇ ಬರಲಿಲ್ಲ.

ಸಂಜೆ ನೋಡಿದರೆ ದೇವರ ಮನೆಯಲ್ಲಿ ಹಿರಿಯೂರು ತಾಲ್ಲೂಕು ಸಾಲಾಗಿ ನಿಂತಿದೆ! ಕೊಂಬು, ಡುಬ್ಬ, ಜೋಳದ ಕಾಳಿನ ಕಣ್ಣು. ಎತ್ತು ಮಾಡಲು ಮಕ್ಕಳು ಎರೆಯನ್ನೇ ಆರಿಸಿಕೊಂಡಿದ್ದವು. ಮಸಾರಿಯಲ್ಲಿ ಕೊಂಬು ನಿಲ್ಲುವುದಿಲ್ಲವಂತೆ. ಯಾವುದರಲ್ಲಿ ಜೇಡಿ ಎಷ್ಟಿದೆಯೆಂದು ನಾನು ಪ್ರಯೋಗಾಲಯಕ್ಕೆ ಕಳಿಸಿ ಕೇಳಬೇಕಿತ್ತು. ಅವು ಅಂಗೈಯಲ್ಲೇ ತೀರ್ಮಾನಿಸಿದ್ದವು.

“ಕುಟ್ಟಿ 2 ಮಿಲಿಮೀಟರ್ ಜರಡಿ ಹಿಡೀಬೇಕು, ಕೊಡಜ್ಜಿ” ಎಂದೆ.

“ಪೂಜೆ ಆದ ಬಸವಣ್ಣನ್ನ ಕುಟ್ತೀಯೇನೋ, ಕರ್ಮದೋನೇ!”

ಬಸವಣ್ಣಗಳು ನೀರು ಸೇರಿದವು. ಚಿಂತೆಯೇನು, ಖಾಲಿ ಜಾಗ ತುಂಬುವುದೇ ಕ್ರಿಗಿಂಗಿನ ಕಸುಬು. ಅದು ಪಾಪ, ಉಳಿದ ತಾಲ್ಲೂಕುಗಳ ಅಂಕಿಗಳನ್ನೇ ತೂಗಿ ನೋಡಿ ಹಿರಿಯೂರಿನ ಎರೆಯನ್ನೆಲ್ಲ ಮಸಾರಿ ಮಾಡಿಬಿಟ್ಟಿತು. ಆದರೆ ನನಗಿಲ್ಲದ ಒಂದು ಮರ್ಯಾದೆ ಅದಕ್ಕಿದೆ: ಅಂದಾಜಿನ ಜೊತೆ ಅನುಮಾನದ ನಕ್ಷೆಯನ್ನೂ ಕೊಡುತ್ತದೆ. ಮಾದರಿ ಇಲ್ಲದ ಕಡೆ ಅನುಮಾನ ಜಾಸ್ತಿ. ಹಾಗಾಗಿ ಆ ನಕ್ಷೆಯಲ್ಲಿ ಹಿರಿಯೂರು ಇಡಿಯಾಗಿ ಕಡುಗೆಂಪು.

ಎರಡೂ ನಕ್ಷೆಗಳನ್ನು ಸುತ್ತಿಕೊಂಡು ವಾಣಿವಿಲಾಸ ಸಾಗರದ ಕೆಳಗಿನ ರೈತರೊಬ್ಬರ ಹೊಲಕ್ಕೆ ಹೋದೆ.

“ಇದ್ಯಾವ ಊರು ಸಾರ್?”

“ನಿಮ್ಮ ಹೊಲಾನೇ ಯಜಮಾನ್ರೇ. ಇಲ್ಲಿ ನಮಗೆ ಸ್ವಲ್ಪ ಅನುಮಾನ, ಅದಕ್ಕೆ ಕೆಂಪು.”

ಅವರು ನಕ್ಷೆ ಬಿಟ್ಟು ನನ್ನ ಬೈಕಿನ ಕಡೆ ನೋಡಿದರು. ಮಧ್ಯಾಹ್ನದ ಮಳೆಗೆ ನೆಂದ ಎರೆಯಲ್ಲಿ ಹಿಂದಿನ ಚಕ್ರ ಅರ್ಧ ಹೂತಿತ್ತು.

“ನಿಮ್ಮ ಗಾಡಿಗೆ ಅನುಮಾನ ಇಲ್ಲ ಬಿಡಿ” ಎಂದವರೇ, ಎತ್ತು ಹೊಡೆದುಕೊಂಡು ಬಾ ಎಂದು ಮಗನನ್ನು ಕೂಗಿದರು.