ವಿಚಾರಿಸ್ತಾ ಇದ್ದೀನಿ

ಎಲ್ಲರ ಕಾರಿನಲ್ಲಿ ಗಣಪತಿ ಡ್ಯಾಶ್‌ಬೋರ್ಡಿನ ನಡುವೆ ಕೂತಿರುತ್ತಾನೆ. ರಾಯರ ಇನ್ನೋವಾದಲ್ಲಿ ಮಾತ್ರ ಸ್ಪೀಡೋಮೀಟರಿನ ಗಾಜಿನ ಮೇಲೆ, ಒಂದು ಮೂಲೆಗೆ ಒತ್ತರಿಸಿಕೊಂಡು ಸ್ಟಿಕ್ಕರ್ ರೂಪದಲ್ಲಿದ್ದಾನೆ. ಮೊನ್ನೆಮೊನ್ನೆಯವರೆಗೂ ರಾತ್ರಿ ಹೊತ್ತು ಅವನ ಹೊಟ್ಟೆಯೊಳಗಿಂದ ಕಿತ್ತಳೆ ಬಣ್ಣದ ಬೆಳಕು ಬರುತ್ತಿತ್ತು. ರಾಯರ ಅತ್ತಿಗೆ ಹಿಂದಿನ ಸೀಟಿನಿಂದ ಬಗ್ಗಿ ನೋಡಿ ಭಕ್ತಿಯಿಂದ ಕೈಮುಗಿದಿದ್ದರು. ಒಳಗೆ ಉರಿಯುತ್ತಿರುವುದು ‘ಟಿ-ಬೆಲ್ಟ್’ ಎಂಬ ಎಚ್ಚರಿಕೆಯ ದೀಪ ಎಂದು ರಾಯರು ಬಾಯಿಬಿಡಲಿಲ್ಲ.

ಹಳೆಯ ಡೀಸೆಲ್ ಇನ್ನೋವಾಗಳಲ್ಲಿರುವ ಈ ದೀಪಕ್ಕೆ ಒಂದೇ ಕೆಲಸ. ಗಾಡಿ ಇಷ್ಟು ಕಿಲೋಮೀಟರ್ ಓಡಿತು, ಇನ್ನು ಟೈಮಿಂಗ್ ಬೆಲ್ಟ್ ಬದಲಿಸಿ ಎಂದು ಹೊತ್ತಿಕೊಳ್ಳುವುದು. ಬೆಲ್ಟಿನ ಆರೋಗ್ಯ ಅದಕ್ಕೆ ಗೊತ್ತಿಲ್ಲ, ಲೆಕ್ಕ ಮಾತ್ರ ಗೊತ್ತು. ರಾಯರ ತಕರಾರು ಶುರುವಾಗುವುದೇ ಇಲ್ಲಿಂದ. “ಆಳನ್ನ ನೋಡದೆ, ಬರೀ ಲೆಕ್ಕ ನೋಡಿ ನೋಟಿಸ್ ಕಳಿಸೋದು ಯಾವ ನ್ಯಾಯ ರೀ?” ಜೀವವಿಮೆ ಕಚೇರಿಯಲ್ಲಿ ಕಂತು ತಪ್ಪಿದವರಿಗೆ ನೋಟಿಸ್ ಕಳಿಸಿ ಕಳಿಸಿಯೇ ನಿವೃತ್ತರಾದವರ ಬಾಯಲ್ಲಿ ಈ ಮಾತು! ವಾರ್ಷಿಕ ಕಂತಿಗೆ 30 ದಿನದ ಗ್ರೇಸ್ ಪೀರಿಯಡ್, ಅದು ಕಳೆದರೆ ಪಾಲಿಸಿ ಲ್ಯಾಪ್ಸ್ ಎಂದು ಸ್ವಂತ ಭಾವಮೈದುನನಿಗೂ ರಿಯಾಯಿತಿ ತೋರಿಸದವರು, ಬೆಲ್ಟಿಗೆ ಮಾತ್ರ ಎರಡು ಆಯುಧಪೂಜೆಯಷ್ಟು ಗ್ರೇಸ್ ಕೊಟ್ಟು ಕೂತಿದ್ದರು.

ಹಾಗಂತ ಜಿಪುಣರು ಅನ್ನುವ ಹಾಗಿಲ್ಲ. ಆ ಎರಡು ಆಯುಧಪೂಜೆಗೂ ಹೊಸ ಸೀಟ್ ಕವರ್ ಬಂತು, ಹೊಸ ಮ್ಯಾಟ್ ಬಂತು, ಸೇವಂತಿಗೆ ಹಾರ ಬಂಪರಿನಿಂದ ಬಂಪರಿಗೆ ಇಳಿಬಿತ್ತು, ಬೂದುಗುಂಬಳಕಾಯಿ ಒಡೆಯಿತು, ಚಕ್ರಗಳ ಕೆಳಗೆ ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಕಣ್ಣಿಗೆ ಕಾಣುವುದಕ್ಕೆ ಅವರ ಕೈ ಧಾರಾಳ. ಬೆಲ್ಟ್ ಮಾಡಿದ ತಪ್ಪೆಂದರೆ ಮುಚ್ಚಳದ ಒಳಗೆ ಇರುವುದು. ಅದನ್ನು ಬದಲಿಸಿದರೆ ಮೈಲೇಜ್ ಏರುವುದಿಲ್ಲ, ಸದ್ದು ಇಳಿಯುವುದಿಲ್ಲ, ಬೀಗರು ಬಂದಾಗ ಬಾಗಿಲು ತೆಗೆದು ತೋರಿಸುವುದಕ್ಕೂ ಆಗುವುದಿಲ್ಲ. ಸಾವಿರಾರು ರೂಪಾಯಿ ಕೊಟ್ಟು ಕಾರನ್ನು ಮೊದಲು ಹೇಗಿತ್ತೋ ಹಾಗೇ ಮನೆಗೆ ತರಬೇಕು ಎನ್ನುವುದು ರಾಯರಂಥವರಿಗೆ ಗಂಟಲಲ್ಲಿ ಇಳಿಯದ ಮಾತು.

“ಬೆಲ್ಟ್ ಹಾಕಿಸಿದ್ರಾ ರಾಯರೇ?” ಎಂದು ಯಾರಾದರೂ ಕೇಳಿದರೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. “ವಿಚಾರಿಸ್ತಾ ಇದ್ದೀನಿ.”

ಆ ವಿಚಾರಣೆಯಾದರೂ ಎಂಥದ್ದು! ಕಚೇರಿಯ ಹಳೇ ಡೈರಿಯೊಂದು ಅದಕ್ಕೇ ಮೀಸಲು. ಕಂಪನಿ ಸರ್ವಿಸ್ ಸೆಂಟರಿಗೆ ಒಂದು ಪುಟ, ಬಡಾವಣೆಯ ಗ್ಯಾರೇಜಿಗೆ ಒಂದು ಪುಟ, ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಪುಟದ ಮೇಲೆ ಪುಟ. ಬೆಲ್ಟು, ಟೆನ್ಷನರ್, ಐಡ್ಲರ್, ಲೇಬರ್, ಜಿಎಸ್‌ಟಿ ಎಂದು ಸ್ಕೇಲ್ ಇಟ್ಟು ಎಳೆದ ಕಾಲಂಗಳು. ಸರ್ವಿಸ್ ಸೆಂಟರಿನವರು 10 ಸಾವಿರದ ಮೇಲೆ ಹೇಳಿದರು. ಗ್ಯಾರೇಜಿನವನು 8 ಸಾವಿರದೊಳಗೆ ಮುಗಿಸಿಕೊಡುತ್ತೇನೆ ಅಂದ. ರಾಯರು ಪೆನ್ನು ತೆಗೆದು ಟೆನ್ಷನರ್ ಮೇಲೆ ಗೀಟು ಎಳೆದರು.

“ಬೆಲ್ಟ್ ಹಳೇದಾದ್ರೆ ಬೆಲ್ಟ್ ಹಾಕಪ್ಪಾ. ಮಧ್ಯದಲ್ಲಿ ಟೆನ್ಷನ್ ಯಾಕೆ?”

“ಬಿಟ್ರೆ ಟೆನ್ಷನ್ ನಿಮಗೇ ಸಾರ್,” ಅಂದನಂತೆ ಅವನು. ಹಳೇ ಟೆನ್ಷನರಿನ ಬೇರಿಂಗ್ ಹಿಡಿದುಕೊಂಡರೆ ಹೊಸ ಬೆಲ್ಟೂ ಅದರ ಹಿಂದೆಯೇ ಹೋಗುತ್ತದೆ, ಮತ್ತೆ ಎಲ್ಲ ಬಿಚ್ಚಬೇಕು ಎಂದು ವಿವರಿಸಿದ. ಅಷ್ಟರಲ್ಲಿ ಪಕ್ಕದ ಮನೆಯವರು ತಮ್ಮ ಡೀಸೆಲ್ ಡಸ್ಟರಿಗೆ ಬೆಲ್ಟಿನ ಜೊತೆ ವಾಟರ್ ಪಂಪನ್ನೂ ಹಾಕಿಸಿದ ಸುದ್ದಿ ಬಂತು. ಅದರಲ್ಲಿ ಪಂಪು ತಿರುಗುವುದೂ ಟೈಮಿಂಗ್ ಬೆಲ್ಟಿನಿಂದಲೇ. ಇನ್ನೋವಾದಲ್ಲಿ ಪಂಪಿನದು ಬೇರೆ ಬೆಲ್ಟು ಎಂದು ತಿಳಿದು ರಾಯರು, ಆ ಪಂಪಿನ ಬೆಲೆಯನ್ನು ತಮ್ಮ ಡೈರಿಯ ಜಮೆ ಕಡೆಗೆ ಬರೆದುಕೊಂಡರು.

ವಿಚಾರಿಸುತ್ತ ವಿಚಾರಿಸುತ್ತ ರಾಯರು ಪಂಡಿತರೇ ಆಗಿಬಿಟ್ಟರು. ಪಾರ್ಕಿನಲ್ಲಿ ವಾಕಿಂಗ್ ಬಂದವರನ್ನು ನಿಲ್ಲಿಸಿಕೊಂಡು, ಕ್ರ್ಯಾಂಕು ಎರಡು ಸುತ್ತು ತಿರುಗಿದರೆ ಕ್ಯಾಮು ಒಂದೇ ಸುತ್ತು ತಿರುಗಬೇಕು, ಆ ಲೆಕ್ಕ ತಪ್ಪದಂತೆ ಹಿಡಿದಿರುವುದೇ ಹಲ್ಲುಗಳಿರುವ ಈ ರಬ್ಬರ್ ಬೆಲ್ಟು, ಅದರ ಒಳಗೆ ಗಾಜಿನ ನಾರಿನ ಎಳೆ ಇರುತ್ತದೆ ಎಂದು ಪಾಠ ಹೇಳುತ್ತಿದ್ದರು. ಮಾರುಕಟ್ಟೆಗೆ ಬಂದ ಕಾರಿನಲ್ಲಿ ಮೊದಲು ಇಂಥ ಬೆಲ್ಟ್ ಹಾಕಿದ್ದು ಜರ್ಮನಿಯ ಗ್ಲಾಸ್ ಕಂಪನಿ, 1962ರಲ್ಲಿ, 1004 ಎಂಬ ಮಾದರಿಗೆ. 1966ರಲ್ಲಿ ಆ ಕಂಪನಿಯನ್ನು ಬಿಎಂಡಬ್ಲ್ಯು ಕೊಂಡುಕೊಂಡಿತು ಎನ್ನುವವರೆಗೂ ಪ್ರವಚನ ಸಾಗುತ್ತಿತ್ತು. “ಯಾಕೆ, ಅವರೂ ಟೈಮಿಗೆ ಬೆಲ್ಟ್ ಬದಲಾಯಿಸಲಿಲ್ವೇ?” ಎಂದು ಕೇಳಿದ ನಿವೃತ್ತ ಮೇಷ್ಟ್ರ ಜೊತೆ ರಾಯರು ಒಂದು ವಾರ ಮಾತು ಬಿಟ್ಟಿದ್ದರು.

ಬೆಲ್ಟ್ ಕಿತ್ತರೆ ಏನಾಗುತ್ತದೆ ಎನ್ನುವುದನ್ನಂತೂ ಅವರ ಬಾಯಲ್ಲೇ ಕೇಳಬೇಕು. ಎಡಗೈ ಮುಷ್ಟಿ ವಾಲ್ವು, ಬಲಗೈ ಮುಷ್ಟಿ ಪಿಸ್ಟನ್ನು. ಇದು ಇಳಿಯುತ್ತದೆ, ಅದು ಏರುತ್ತದೆ, ಇಬ್ಬರಿಗೂ ಒಂದೇ ಜಾಗ, ಕ್ಯಾಮು ನಿಂತಿದೆ, ಕ್ರ್ಯಾಂಕು ಇನ್ನೂ ತಿರುಗುತ್ತಿದೆ... ಢಂ! “ಹೆಡ್ ಬಿಚ್ಚಬೇಕು. 60 ಸಾವಿರಕ್ಕೆ ಕಡಿಮೆ ಇಲ್ಲ. ಗಾಡಿ ಎಳೆಸಿಕೊಂಡು ಬಂದಿದ್ದು ಬೇರೆ.” ಇಷ್ಟು ಹೇಳಿ, ಕರವಸ್ತ್ರದಿಂದ ಮುಖ ಒರೆಸಿಕೊಂಡು, ಅದೇ ಇನ್ನೋವಾ ಹತ್ತಿ ಮನೆಗೆ ಹೊರಡುತ್ತಿದ್ದರು.

ಮೆಲ್ಬರ್ನಿನಲ್ಲಿರುವ ಮಗನಿಂದ ಒಂದು ಪುರಾವೆ ಬಂದಾಗ ವಿಚಾರಣೆಗೆ ಹೊಸ ಜೀವ ಬಂತು. “ಆಸ್ಟ್ರೇಲಿಯಾದಲ್ಲಿ ಇದೇ ವಂಶದ ಎಂಜಿನ್ ಇರೋ ಹೈಲಕ್ಸ್‌ಗೆ ಒಂದೂವರೆ ಲಕ್ಷ ಕಿಲೋಮೀಟರ್ ಅಂತಲ್ಲಪ್ಪಾ. ನಮಗೇನು ಲಕ್ಷಕ್ಕೇ ಗಡಿಬಿಡಿ?”

“ಅಲ್ಲಿ ಸಿಲ್ಕ್ ಬೋರ್ಡ್ ಇಲ್ವಲ್ಲ ಸಾರ್,” ಎಂದ ಗ್ಯಾರೇಜಿನವನು.

ಅವನ ಮಾತಿನಲ್ಲಿ ಹುರುಳಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಚಕ್ರ ತಿರುಗುವುದಿಲ್ಲ, ಮೀಟರ್ ಓಡುವುದಿಲ್ಲ, ಬೆಲ್ಟ್ ಮಾತ್ರ ಪುರುಸೊತ್ತಿಲ್ಲದೆ ತಿರುಗುತ್ತಲೇ ಇರುತ್ತದೆ. ಜೊತೆಗೆ ಬಾನೆಟ್ ಒಳಗಿನ ಬಿಸಿ, ಎಲ್ಲಾದರೂ ಸೋರುವ ಆಯಿಲ್. ಗಾಡಿ ಶೆಡ್ಡಿನಲ್ಲೇ ನಿಂತಿದ್ದರೂ ರಬ್ಬರಿಗೆ ವಯಸ್ಸಾಗುವುದು ತಪ್ಪುವುದಿಲ್ಲ. ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ, ‘ಯಾವುದು ಮೊದಲೋ ಅದು’ ಎಂದು ಕಂಪನಿಗಳು ಬರೆಯುವುದು ಅದಕ್ಕೇ. ಪಾಲಿಸಿ ಪತ್ರಗಳಲ್ಲಿ ಇದೇ ಮಾತಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದ ರಾಯರು, ಕಾರಿನ ಪುಸ್ತಕದಲ್ಲಿ ಆ ಪುಟವನ್ನು ಗಾಳಿಗೆಂಬಂತೆ ಮಗುಚಿದರು.

ವಿಚಾರಣೆ ಮುಗಿಸಿದ್ದು ಅವರ ಹೆಂಡತಿ. ಮಗ ಸೊಸೆ ಬಂದಿದ್ದರು, ಮೊಮ್ಮಗನ ಮುಡಿ ಕೊಡಲು ಧರ್ಮಸ್ಥಳಕ್ಕೆ ಹೊರಡುವುದಿತ್ತು, ದಾರಿಯಲ್ಲಿ ಶಿರಾಡಿ ಘಾಟಿ. ಆಕೆ ನೇರವಾಗಿ ಗ್ಯಾರೇಜಿಗೆ ಫೋನ್ ಮಾಡಿದರು. “ಏನಪ್ಪಾ, ಕಿತ್ತುಹೋಗೋ ಮುಂಚೆ ಅದು ಏನಾದ್ರೂ ಸದ್ದುಗಿದ್ದು ಮಾಡುತ್ತಾ?”

“ಚೈನ್ ಇರೋ ಗಾಡಿ ಆದ್ರೆ ಸದ್ದು ಮಾಡುತ್ತಮ್ಮಾ. ಬೆಲ್ಟ್ ಹೇಳಿ ಹೋಗಲ್ಲ. ಎಂಜಿನ್ ಆಫ್ ಆಗುತ್ತೆ, ಸ್ಟೇರಿಂಗ್ ಗಟ್ಟಿಯಾಗುತ್ತೆ, ಎರಡು ಮೂರು ಸಲ ತುಳಿದ ಮೇಲೆ ಬ್ರೇಕೂ ಗಟ್ಟಿಯಾಗುತ್ತೆ.”

ಆಕೆ ಫೋನ್ ಇಟ್ಟು ಒಳಗೆ ಬಂದರು. “ರೀ, ನಾಳೆ ಬೆಳಿಗ್ಗೆ ಕಾರು ಗ್ಯಾರೇಜಿಗೆ ಹೋಗುತ್ತೆ. ನೀವೂ ಜೊತೆಗೆ ಹೋಗೋದಾದ್ರೆ ತಿಂಡಿ ತಿಂದುಕೊಂಡು ಹೋಗಿ.”

ರಾಯರು ತಿಂಡಿ ತಿಂದುಕೊಂಡೇ ಹೋದರು. ಪ್ಲಾಸ್ಟಿಕ್ ಸ್ಟೂಲನ್ನು ಬಾನೆಟ್ಟಿನ ಪಕ್ಕಕ್ಕೇ ಎಳೆದುಕೊಂಡು ಕೂತರು. ಹುಡುಗ ಮುಚ್ಚಳದ ಬೋಲ್ಟುಗಳನ್ನು ಬಿಚ್ಚಿದ. ಗುರುತು ನೋಡಿ ಬಿಳೀ ಪೇಂಟಿನ ಚುಕ್ಕೆ ಇಟ್ಟ. ಟೆನ್ಷನರ್ ಸಮೇತ ಎಲ್ಲ ಹೊಸದು ಕೂರಿಸಿ, ಸ್ಪ್ಯಾನರ್ ಹಾಕಿ ಎಂಜಿನ್ನನ್ನು ಕೈಯಲ್ಲೇ ತಿರುಗಿಸಿ, ಗುರುತು ಮತ್ತೆ ಕೂಡಿತೇ ಎಂದು ನೋಡಿದ. ಕೊನೆಗೆ ದೀಪವನ್ನೂ ರೀಸೆಟ್ ಮಾಡಿದ. ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಕೆಲಸ ಮುಗಿದದ್ದು ರಾಯರಿಗೆ ದೊಡ್ಡ ಅವಮಾನ. ಇಷ್ಟು ಬೇಗ ಆಗುವ ಕೆಲಸಕ್ಕೆ ಅಷ್ಟು ಲೇಬರ್ ಯಾಕೆ ಎಂದು ಒಂದು ಸುತ್ತು ವಾದ ನಡೆಯಿತು.

ಎರಡನೆಯ ಸುತ್ತು ಹಳೇ ಬೆಲ್ಟಿನ ಮೇಲೆ. ಅದನ್ನು ಬಿಸಿಲಿಗೆ ಹಿಡಿದು ಹಲ್ಲುಹಲ್ಲನ್ನೂ ಉಗುರಿನಲ್ಲಿ ಒತ್ತಿ ನೋಡಿದ ರಾಯರು, “ಎಲ್ಲಪ್ಪಾ ಹೋಗಿದೆ ಇದು? ಒಂದು ಬಿರುಕಿಲ್ಲ, ಒಂದು ಹಲ್ಲು ಬಿದ್ದಿಲ್ಲ!” ಎಂದರು. ಒಳಗಿನ ಎಳೆ ಸೋತಿರುವುದು ಹೊರಗೆ ಕಾಣುವುದಿಲ್ಲ ಎಂದು ಅವನು ಹೇಳಿದ್ದು ಕಿವಿಗೆ ಬೀಳಲಿಲ್ಲ. “ಸರಿ, ಹಳೇ ಬ್ಯಾಟರಿ ಕೊಟ್ಟರೆ ಬಿಲ್ಲಿನಲ್ಲಿ ಕಡಿಮೆ ಮಾಡ್ತಾರೆ. ಇದಕ್ಕೆಷ್ಟು?”

“ಅದನ್ನ ನೀವೇ ಇಟ್ಕೊಳ್ಳಿ ಸಾರ್.”

ಇಟ್ಟುಕೊಂಡಿದ್ದಾರೆ. ಈಗ ಮನೆಗೆ ಯಾರೇ ಹೋದರೂ ಕಾಫಿಯ ಜೊತೆಗೆ ಆ ಬೆಲ್ಟೂ ಹೊರಗೆ ಬರುತ್ತದೆ. ಬಗ್ಗಿಸಿ, ಎಳೆದು, ತಿರುವಿ, ಬಿರುಕು ಎಲ್ಲಿದೆ ಎಂದು ಹೇಳಬೇಕು. ಇಲ್ಲ ಎಂದವರು ಊಟ ಮಾಡಿಕೊಂಡೇ ಹೋಗಬೇಕೆಂದು ರಾಯರ ಒತ್ತಾಯ. ಕನ್ನಡಕ ಏರಿಸಿ, ಇಲ್ಲೊಂದು ಸಣ್ಣದಾಗಿ ಬಿಟ್ಟಿರೋ ಹಾಗಿದೆಯಲ್ಲ ಎಂದ ಮೇಷ್ಟ್ರ ಜೊತೆ ಮತ್ತೆ ಮಾತು ನಿಂತಿದೆ.